ಗುತ್ತಿಗೆ ಕಾರ್ಮಿಕರು ಹಕ್ಕು ಕೇಳುವ ಮೊದಲು ಕೂಡಿಡಬೇಕಾದ ಕಾಗದಗಳು, ಆಮೇಲೆ ಹತ್ತಬೇಕಾದ ಮೆಟ್ಟಿಲುಗಳು

ತುಮಕೂರಿನ ನಮ್ಮ ಸಂಘದ ಕೋಣೆಗೆ ಭಾನುವಾರ ಬರುವ ಹುಡುಗರು ಬಾಗಿಲಲ್ಲಿ ನಿಂತೇ ಕೇಳುತ್ತಾರೆ: "ಅಕ್ಕಾ, ನಾವು ಖಾಯಂ ಆಗುತ್ತೇವೆಯೇ?" ನಾನು ಉತ್ತರ ಹೇಳಲು ಹೋಗುವುದಿಲ್ಲ. ಒಳಗೆ ಬನ್ನಿ, ಕುಳಿತುಕೊಳ್ಳಿ, ಪಿ.ಎಫ್. ಪಾಸ್‌ಬುಕ್ ತೋರಿಸಿ ಎನ್ನುತ್ತೇನೆ. ಎಷ್ಟೋ ಮಂದಿಗೆ ತಮ್ಮ ಯುಎಎನ್, ಅಂದರೆ ಪಿ.ಎಫ್. ಸದಸ್ಯತ್ವದ ಸಂಖ್ಯೆಯೇ ಗೊತ್ತಿರುವುದಿಲ್ಲ. ಹೇಳಿದ್ದನ್ನೇ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ನಾನು ಫೌಂಡ್ರಿಯ ಕೋರ್ ಶಾಪ್‌ನಲ್ಲಿ ಕೆಲಸ ಮಾಡಿದವಳು. ಎರಕದೊಳಗೆ ಟೊಳ್ಳು ಬರಬೇಕಾದ ಜಾಗದಲ್ಲಿ ಇಡುವ ಮರಳಿನ ಗಟ್ಟಿಗೆ ಕೋರ್ ಎನ್ನುತ್ತಾರೆ. ಅದನ್ನು ಮಾಡಿ, ಅಂಚು ತೀಡಿ, ಬಣ್ಣ ಹಚ್ಚಿ ಒಣಗಿಸುವ ಕೆಲಸ ನಮ್ಮದು. ನನ್ನ ಗೇಟ್ ಪಾಸಿನ ಮೇಲೆ ಗುತ್ತಿಗೆದಾರರ ಹೆಸರು ಬದಲಾಗುತ್ತಲೇ ಇತ್ತು. ಕೂರುವ ಬೆಂಚು ಅದೇ, ಬೈಯುವ ಸೂಪರ್‌ವೈಸರೂ ಅವರೇ. ಈಗ ಸಂಘದ ಫೈಲುಗಳನ್ನು ನೋಡಿಕೊಳ್ಳುತ್ತೇನೆ. ಭಾಷಣಕ್ಕೆ ಬೇರೆಯವರಿದ್ದಾರೆ.

ನಮ್ಮ ಊರಿನ ಮಂದಿಗೆ ಕಾರ್ಖಾನೆ ಎಂದರೆ ಎಚ್‌ಎಂಟಿ. ಅಲ್ಲಿ ಸೇರಿದರೆ ಮಗಳ ಮದುವೆಯವರೆಗಿನ ಲೆಕ್ಕ ಹಾಕಿಬಿಡಬಹುದಿತ್ತು. ಆ ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿಹೋಯಿತು. ಇಂದು ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕಡೆಗೆ ಬೆಳಗಿನ ಪಾಳಿಗೆ ಹೋಗುವ ಬಸ್ಸುಗಳಲ್ಲಿ ಕುಳಿತವರನ್ನು ಕೇಳಿ ನೋಡಿ, ಖಾಯಂ ಎನ್ನುವವರು ಕಡಿಮೆ. ಮಧುಗಿರಿ, ಕೊರಟಗೆರೆಯವರ ಪಕ್ಕದಲ್ಲೇ ಒಡಿಶಾ, ಬಿಹಾರದ ಹುಡುಗರು ಇರುತ್ತಾರೆ. ನಾನು ಬರೆಯುತ್ತಿರುವುದು ಇವರೆಲ್ಲರಿಗೆ. ಹಿಂದಿಯವರಿಗೆ ಪಕ್ಕದಲ್ಲಿರುವವರು ಓದಿ ಹೇಳಿ.

ಬಾಯಿ ತೆರೆಯುವ ಮೊದಲು

ಸಿಟ್ಟು ಬಂದ ದಿನ ಅರ್ಜಿ ಬರೆಯಬೇಡಿ. ಅರ್ಜಿ ಕೊಟ್ಟ ಮರುದಿನ ಗೇಟಿನಲ್ಲಿ ನಿಮ್ಮ ಪಂಚಿಂಗ್ ನಿಂತುಹೋಗಬಹುದು. ಆಮೇಲೆ ಒಳಗಿನ ಒಂದು ಚೀಟಿಯೂ ನಿಮ್ಮ ಕೈಗೆ ಸಿಗುವುದಿಲ್ಲ. "ಇವರು ಯಾರೋ ನಮಗೆ ಗೊತ್ತಿಲ್ಲ" ಎಂದು ಕಂಪನಿ ಹೇಳುತ್ತದೆ. "ಮೂರು ತಿಂಗಳು ಬಂದಿದ್ದ, ತಾನಾಗಿಯೇ ಬಿಟ್ಟ" ಎಂದು ಗುತ್ತಿಗೆದಾರ ಹೇಳುತ್ತಾನೆ. ಸತತ ಸೇವೆ ಎನ್ನಿಸಿಕೊಳ್ಳಲು ಬೇಕಾದಂತೆ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದೇನೆ ಎಂಬುದನ್ನು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ, ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ ಒಂದೇ ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಅದು ನಮ್ಮ ರಾಜ್ಯದ ಅರಣ್ಯ ಇಲಾಖೆಯ ದಿನಗೂಲಿ ನೌಕರರೊಬ್ಬರ ಪ್ರಕರಣ. ದುಡಿದವನೇ ದುಡಿದೆನೆಂದು ತೋರಿಸಬೇಕಂತೆ. ನ್ಯಾಯವೋ ಅಲ್ಲವೋ, ಸದ್ಯಕ್ಕೆ ದಾರಿ ಅದೇ.

ಎಲ್ಲಕ್ಕಿಂತ ಮೊದಲು ಪಿ.ಎಫ್. ಯುಎಎನ್ 12 ಅಂಕಿಯ ಸಂಖ್ಯೆ. ಗುತ್ತಿಗೆದಾರರು ಎಷ್ಟೇ ಬದಲಾದರೂ ಅದು ಒಂದೇ ಇರಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಇಳಿಸಿಕೊಳ್ಳಿ, ಜೊತೆಗೆ ಸೇವಾ ವಿವರದ ಪುಟವನ್ನೂ ಇಳಿಸಿಕೊಳ್ಳಿ. ಪ್ರತಿ ಗುತ್ತಿಗೆದಾರನ ಹೆಸರು, ಸೇರಿದ ದಿನ, ಬಿಟ್ಟ ದಿನ ಅಲ್ಲಿರುತ್ತದೆ. ಒಬ್ಬ ಮಾರ್ಚ್ 31ಕ್ಕೆ ನಿಮ್ಮನ್ನು ಬಿಡಿಸಿ, ಇನ್ನೊಬ್ಬ ಏಪ್ರಿಲ್ 1ಕ್ಕೆ ಸೇರಿಸಿಕೊಂಡಿದ್ದರೆ ಆ ಪುಟಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪ್ರತಿ ಬಾರಿ ಹೊಸ ಯುಎಎನ್ ಮಾಡಿಸಿದ್ದರೆ ಹಳೆಯವನ್ನೂ ಬರೆದಿಟ್ಟುಕೊಳ್ಳಿ, ಆ ಚಾಳಿಯೇ ಒಂದು ದೂರಿಗೆ ಆಧಾರ. ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕಾರ್ಡಿನ 10 ಅಂಕಿಯ ವಿಮಾ ಸಂಖ್ಯೆಯನ್ನೂ ಇದೇ ಫೈಲಿಗೆ ಸೇರಿಸಿ.

ಆಮೇಲೆ ಬ್ಯಾಂಕ್ ಪಾಸ್‌ಬುಕ್, ಪ್ರತಿ ತಿಂಗಳ ವೇತನ ಚೀಟಿ, ಹಳೆಯ ಗೇಟ್ ಪಾಸುಗಳು. ಅವಧಿ ಮುಗಿದ ಪಾಸನ್ನು ಹೊಸದು ಕೊಡುವಾಗ ಕಿತ್ತುಕೊಳ್ಳುತ್ತಾರೆ. ಅದಕ್ಕೆ ಮೊದಲೇ ಎರಡೂ ಬದಿಯ ಫೋಟೊ ತೆಗೆದಿಡಿ.

ಇಷ್ಟು ಎಲ್ಲರೂ ಹೇಳುತ್ತಾರೆ. ಭಾರಿ ಕೈಗಾರಿಕೆಯಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದಗಳಿವೆ, ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ಯಾಸ್ ಕಟಿಂಗ್, ವೆಲ್ಡಿಂಗ್ ಮಾಡುವ ಮೊದಲು ಬೆಂಕಿ ಕೆಲಸದ ಪರ್ಮಿಟ್ ಬರೆಯುತ್ತಾರಲ್ಲ, ಅದರ ಕೆಳಗೆ ಸಹಿ ಯಾರದು? ಕಂಪನಿಯ ಎಂಜಿನಿಯರದು. ಕೆಲಸ ಮಾಡುವವರ ಹೆಸರಿನ ಸಾಲಿನಲ್ಲಿ ನೀವಿದ್ದೀರಿ. ಪಾಳಿ ಶುರುವಾಗುವಾಗ ಸುರಕ್ಷತೆಯ ಬಗ್ಗೆ ಐದು ನಿಮಿಷ ಮಾತಾಡಿ ಹಾಜರಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಅದೂ ಕಂಪನಿಯದೇ. ಕ್ರೇನ್ ಚಾಲಕರ ಲಾಗ್ ಪುಸ್ತಕ, ಪ್ರತಿ ಸಲ ಲೋಹ ಕರಗಿಸಿದ್ದನ್ನು ಬರೆಯುವ, ಕುಲುಮೆಯ ಹತ್ತಿರದ ಹೀಟ್ ರಿಜಿಸ್ಟರ್, ವರ್ಷಕ್ಕೊಮ್ಮೆಯ ಆರೋಗ್ಯ ತಪಾಸಣೆಯ ಕಾಗದ, ತರಬೇತಿ ಪ್ರಮಾಣಪತ್ರ, ಎಂಜಿನಿಯರ್ ಪಾಳಿ ಹಂಚುವ ವಾಟ್ಸ್ಆ್ಯಪ್ ಗುಂಪು, ಇವೆಲ್ಲವೂ ಒಂದೇ ಮಾತನ್ನು ಹೇಳುತ್ತವೆ: ಕೆಲಸ ಹೇಳುವವರು ಕಂಪನಿಯವರು, ಗುತ್ತಿಗೆದಾರ ಬರೀ ಹಾಜರಿ ಬರೆಯುವವನು.

ಇಲ್ಲೊಂದು ಎಚ್ಚರಿಕೆ. ಒಳಗೆ ಹೋಗಿ ಯಂತ್ರ, ನಕ್ಷೆ, ರಿಜಿಸ್ಟರುಗಳ ಫೋಟೊ ಹೊಡೆಯಬೇಡಿ. ಮೊಬೈಲ್ ನಿಷೇಧವಿರುವ ಕಡೆ ಅದೊಂದೇ ಸಾಕು, ನಿಮ್ಮನ್ನು ಹೊರಗೆ ಹಾಕಲು. ನಿಮ್ಮ ಕೈಗೆ ಕೊಟ್ಟ ಕಾಗದದ ಪ್ರತಿ ಇಟ್ಟುಕೊಳ್ಳಿ. ಉಳಿದವುಗಳ ಹೆಸರು, ಅವು ಯಾವ ವಿಭಾಗದಲ್ಲಿ, ಯಾರ ಮೇಜಿನ ಮೇಲೆ ಇರುತ್ತವೆ ಎಂಬುದನ್ನು ಮನೆಗೆ ಬಂದು ಪುಸ್ತಕದಲ್ಲಿ ಬರೆಯಿರಿ. ಮುಂದೆ ಕಾರ್ಮಿಕ ವಿವಾದಗಳನ್ನು ತೀರ್ಮಾನಿಸುವ ಕೈಗಾರಿಕಾ ನ್ಯಾಯಾಧಿಕರಣದಲ್ಲಿ "ಇಂಥ ತಾರೀಖಿನ ಇಂಥ ರಿಜಿಸ್ಟರ್ ಹಾಜರುಪಡಿಸಲಿ" ಎಂದು ಅರ್ಜಿ ಹಾಕಬಹುದು. ಇದ್ದ ದಾಖಲೆಯನ್ನು ತರದಿದ್ದರೆ ಅದು ಅವರ ವಿರುದ್ಧವೇ ನಿಲ್ಲುತ್ತದೆ. "ಎಲ್ಲ ದಾಖಲೆ ತರಿಸಿ" ಎಂದು ಸುಮ್ಮನೆ ಕೇಳಿದರೆ ಯಾರೂ ತರಿಸುವುದಿಲ್ಲ.

ಅದೇ ಪುಸ್ತಕದಲ್ಲಿ ದಿನಚರಿಯೂ ಇರಲಿ. ತಾರೀಖು, ಪಾಳಿ, ಒಳಹೋದ ಹೊತ್ತು, ಹೊರಬಂದ ಹೊತ್ತು, ಕೆಲಸ ಹೇಳಿದವರು ಯಾರು ಎಂದು ದಿನಕ್ಕೆ ಒಂದು ಸಾಲು. ಪೆನ್ನಿನಲ್ಲಿ ಬರೆಯಿರಿ, ಹಾಳೆ ಹರಿಯಬೇಡಿ.

ಪಂಚಿಂಗ್ ಎಂದಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಕೋಲಾರ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಯಲ್ಲಿ 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡುತ್ತೇವೆ ಎಂದಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಕಳ್ಳರಂತೆ ನಮ್ಮ ಬೆರಳು ಒತ್ತಿಸಿಕೊಳ್ಳುವುದೇನು ಎಂಬ ಸಿಟ್ಟು. ಇಂದು ಅದೇ ಬೆರಳಚ್ಚು ನಮ್ಮ ಪರ ಸಾಕ್ಷಿ ಹೇಳುತ್ತದೆ. ಕಂಪನಿಯ ಯಂತ್ರದಲ್ಲಿ ದಿನಾ ನಿಮ್ಮ ಬೆರಳು ದಾಖಲಾಗಿದೆ ಎಂಬುದನ್ನು ಅರ್ಜಿಯಲ್ಲಿ ಬರೆಯಲು ಮರೆಯಬೇಡಿ.

ಖಾಯಂ ಪ್ರಶ್ನೆ

ಕೇಳಿದ್ದಕ್ಕೆ ಈಗ ಉತ್ತರ. ಇಷ್ಟು ವರ್ಷ ದುಡಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಖಾಯಂ ಆಗುವುದಿಲ್ಲ. ಗುತ್ತಿಗೆ ಪದ್ಧತಿ ನಿಷೇಧವಾದರೆ ಕಾರ್ಮಿಕರು ತಾವಾಗಿಯೇ ಕಂಪನಿಗೆ ಸೇರುತ್ತಾರೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಹೇಳಿತ್ತು. 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. ಒಂದು ಬಾಗಿಲು ಮಾತ್ರ ತೆರೆದಿಟ್ಟಿತು: ಗುತ್ತಿಗೆ ಎನ್ನುವುದು ಬರೀ ಕಾಗದದ ನಾಟಕ ಎಂದು ನ್ಯಾಯಾಧಿಕರಣದಲ್ಲಿ ಸಾಬೀತಾದರೆ ಕಾರ್ಮಿಕರು ಕಂಪನಿಯವರೇ ಎಂದು ಪರಿಗಣಿಸಬೇಕು. ನೇಮಿಸಿದವರು ಯಾರು, ಸಂಬಳ ಕೊಡುವವರು ಯಾರು, ತೆಗೆದುಹಾಕುವವರು ಯಾರು, ಶಿಸ್ತುಕ್ರಮ ಯಾರ ಕೈಯಲ್ಲಿ, ಸೇವೆ ಸತತವಾಗಿದೆಯೇ, ಕೆಲಸದ ಮೇಲೆ ಹಿಡಿತ ಯಾರದು ಎಂಬ ಆರು ಪ್ರಶ್ನೆಗಳನ್ನು ನ್ಯಾಯಾಲಯ 2014ರ ತೀರ್ಪೊಂದರಲ್ಲಿ ಪಟ್ಟಿ ಮಾಡಿದೆ. ನಾನು ಮೇಲೆ ಹೇಳಿದ ಪರ್ಮಿಟ್, ಲಾಗ್ ಪುಸ್ತಕಗಳು ಕೊನೆಯ ಎರಡಕ್ಕೆ ಉತ್ತರ. ಆದರೆ ಎಂಜಿನಿಯರ್ ಕೆಲಸ ತೋರಿಸಿದ ಮಾತ್ರಕ್ಕೆ ಪೂರ್ತಿ ಹಿಡಿತ ಎನ್ನಲಾಗದು ಎಂದೂ ಕೋರ್ಟುಗಳು ಹೇಳುತ್ತವೆ. ರಜೆ ಮಂಜೂರು ಮಾಡಿದ್ದು, ಪಾಳಿ ಬದಲಿಸಿದ್ದು, ಮೆಮೊ ಕೊಟ್ಟದ್ದು ಕಂಪನಿಯವರೇ ಎಂಬುದಕ್ಕೆ ಆಧಾರ ಹುಡುಕಿ.

ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಅದಕ್ಕೆ ಹಿಂದಿನ ಬಾಕಿ, ಹಿಂದಿನ ವಿವಾದಗಳಿಗೆ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಆಧಾರ ಕೈಬಿಡಬೇಡಿ. ಹಳೆಯ ಕಾಯ್ದೆ 20 ಮಂದಿ ಗುತ್ತಿಗೆ ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು, ಹೊಸ ಸಂಹಿತೆಯಲ್ಲಿ ಅದು 50ಕ್ಕೆ ಏರಿದೆ. 49 ಮಂದಿಯನ್ನು ಇಟ್ಟುಕೊಳ್ಳುವ ಗುತ್ತಿಗೆದಾರರು ಎಷ್ಟು ಹುಟ್ಟಿಕೊಳ್ಳುತ್ತಾರೋ ನೋಡಬೇಕು. ಕಾರ್ಖಾನೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎಂದು ಹೊಸ ಸಂಹಿತೆ ಹೇಳುತ್ತದೆ. ಫೌಂಡ್ರಿಯಲ್ಲಿ ಕರಗಿಸುವುದು, ಅಚ್ಚು ಕಟ್ಟುವುದು, ಎರಕ ಹೊಯ್ಯುವುದು ಮುಖ್ಯವಲ್ಲದೆ ಇನ್ನೇನು? ಹಾಗೆಂದು ಹಿಗ್ಗಬೇಡಿ. ಆ ಕೆಲಸವನ್ನು ಸಾಮಾನ್ಯವಾಗಿ ಗುತ್ತಿಗೆಯಲ್ಲೇ ಮಾಡಿಸುವ ರೂಢಿ ಇದ್ದರೆ, ದಿನದ ಹೆಚ್ಚಿನ ಹೊತ್ತಿಗೆ ಆಳು ಬೇಡದಿದ್ದರೆ, ದಿಢೀರನೆ ಕೆಲಸ ಹೆಚ್ಚಾದರೆ ವಿನಾಯಿತಿ ಇದೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಿದ್ದಾರೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಖಾಯಂ ಮಾಡಿ ಎಂಬುದನ್ನು ಬೇಡಿಕೆ ಪಟ್ಟಿಯಲ್ಲಿ ಬರೆಯಿರಿ, ಆದರೆ ಅದರಿಂದ ಶುರು ಮಾಡಬೇಡಿ. ಆ ದಾವೆ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಜನ ಚದುರುತ್ತಾರೆ. ಎಣಿಸಿ ತೋರಿಸಬಹುದಾದ ಬಾಕಿಯಿಂದ ಶುರು ಮಾಡಿ. ಛತ್ತೀಸಗಢದ ದಲ್ಲಿ ರಾಜಹರಾದಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅದಿರು ಅಗೆದುಕೊಡುತ್ತಿದ್ದ ಗುತ್ತಿಗೆ ಕಾರ್ಮಿಕರು 1977ರಲ್ಲಿ ಕಾರ್ಮಿಕ ನಾಯಕ ಶಂಕರ ಗುಹಾ ನಿಯೋಗಿ ಅವರ ಜೊತೆ ಸಂಘ ಕಟ್ಟಿದಾಗ ಕೇಳಿದ್ದೇನು ಗೊತ್ತೇ? ಮಳೆಗಾಲಕ್ಕೆ ಮುಂಚೆ ಗುಡಿಸಲು ರಿಪೇರಿಗೆ ಭತ್ಯೆ, ಕೆಲಸ ಕೊಡದೆ ಕೂರಿಸಿದ ದಿನಕ್ಕೂ ಕೂಲಿ. ಅಷ್ಟು ಕೇಳಿದ್ದಕ್ಕೂ ಪೊಲೀಸ್ ಗುಂಡು ಹಾರಿತು, ಜನ ಸತ್ತರು. ಆದರೂ ಸಂಘ ನಿಂತಿತು.

ಬಾಕಿಯ ಲೆಕ್ಕ

ಒಬ್ಬರ ಲೆಕ್ಕವನ್ನು ಹಾಳೆಯಲ್ಲಿ ಬಿಡಿಸಿ ತೋರಿಸಿದರೆ ಉಳಿದವರು ತಾವೇ ಮಾಡುತ್ತಾರೆ. ತಿಂಗಳ ಸಂಬಳ 18,200 ರೂಪಾಯಿ ಎನ್ನೋಣ. 26ರಿಂದ ಭಾಗಿಸಿದರೆ ದಿನಕ್ಕೆ 700, ಎಂಟು ಗಂಟೆಯಿಂದ ಭಾಗಿಸಿದರೆ ಗಂಟೆಗೆ 87 ರೂಪಾಯಿ 50 ಪೈಸೆ. ಒಟಿಗೆ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆಗೆ, ಎರಡು ಪಟ್ಟು ಕೊಡಬೇಕು, ಅಂದರೆ ಗಂಟೆಗೆ 175. ಹನ್ನೆರಡು ಗಂಟೆಯ ಪಾಳಿ ಮಾಡಿದ ದಿನ ಮೇಲಿನ ನಾಲ್ಕು ಗಂಟೆಗೆ 700 ಬರಬೇಕು, ಪೂರ್ತಿ ಇನ್ನೊಂದು ದಿನದ ಕೂಲಿ. ಬಹುತೇಕ ಗುತ್ತಿಗೆದಾರರು ಕೊಡುವುದು ಅದರ ಅರ್ಧ, ಅದನ್ನೂ "ಇನ್ಸೆಂಟಿವ್" ಎಂಬ ಹೆಸರಿನಲ್ಲಿ. ಚೀಟಿಯಲ್ಲಿ ಆ ಸಾಲು ಎಲ್ಲಿದೆ ನೋಡಿ.

ಇ.ಎಸ್.ಐ.ಗೆ ನಿಮ್ಮಿಂದ ಹಿಡಿಯಬೇಕಾದ್ದು ಶೇ 0.75, ಮಾಲೀಕನ ಪಾಲು ಶೇ 3.25. ಪಿ.ಎಫ್.ಗೆ ಇಬ್ಬರದೂ ಶೇ 12. ಕೆಲವು ಕಡೆ ಮಾಲೀಕನ ಪಾಲನ್ನೂ ನಿಮ್ಮ ಸಂಬಳದಲ್ಲೇ ಕತ್ತರಿಸುತ್ತಾರೆ, ಅದು ಅಕ್ರಮ. ಹಿಡಿದದ್ದು ಪಾಸ್‌ಬುಕ್‌ಗೆ ಜಮೆಯಾಗಿದೆಯೇ ಎಂದು ತಿಂಗಳು ತಿಂಗಳು ಹೋಲಿಸಿ. ಮೂಲ ವೇತನವನ್ನು ಕಡಿಮೆ ತೋರಿಸಿ ಉಳಿದದ್ದನ್ನು ಭತ್ಯೆ ಎಂದು ಬರೆಯುವ ಆಟಕ್ಕೆ ಹೊಸ ಸಂಹಿತೆಯಲ್ಲಿ ಕಡಿವಾಣವಿದೆ: ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ದಾಟಿದರೆ ದಾಟಿದ ಭಾಗವೂ ವೇತನವೆಂದೇ ಲೆಕ್ಕ. ಕನಿಷ್ಠ ವೇತನದ ತುಟ್ಟಿಭತ್ಯೆ ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮೇ ತಿಂಗಳ ಮೊದಲ ವಾರ ಬರುವ ಚೀಟಿಯನ್ನು ಕಣ್ಣುಮುಚ್ಚಿ ಜೇಬಿಗೆ ಹಾಕಿಕೊಳ್ಳಬೇಡಿ.

ಗುತ್ತಿಗೆದಾರ ಓಡಿಹೋದರೆ? ಅಳಬೇಕಾಗಿಲ್ಲ. ಅವನು ಕೊಡದ ವೇತನವನ್ನು ಕಂಪನಿ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಪಿ.ಎಫ್., ಇ.ಎಸ್.ಐ. ಹಣಕ್ಕೂ ಇದೇ ನಿಯಮ. ವೇತನ ಬಾಕಿಯ ಅರ್ಜಿಗೆ ಮೂರು ವರ್ಷದ ಗಡುವಿದೆ.

ಗಾಯವಾದರೆ ಮಾತ್ರ ಲೆಕ್ಕ ಮಾಡುತ್ತ ಕೂರಬೇಡಿ. ಖಾಸಗಿ ಆಸ್ಪತ್ರೆಗೆ ಕರೆದೊಯ್ದು, ಬಿಲ್ ಕಟ್ಟಿ, "ಬೈಕಿನಿಂದ ಬಿದ್ದೆ ಎಂದು ಬರೆಸು" ಎನ್ನುವವರು ಇದ್ದಾರೆ. ಆ ಒಂದು ಸುಳ್ಳಿನಿಂದ ಜೀವನಪೂರ್ತಿ ಬರಬಹುದಾದ ಅಂಗವೈಕಲ್ಯ ಪಿಂಚಣಿ ಹೋಗುತ್ತದೆ. ಕೆಲಸದ ಸಮಯದ ಗಾಯವಾದರೆ ಗುಣವಾಗುವವರೆಗೆ ವೇತನದ ಶೇ 90ರಷ್ಟು ಇ.ಎಸ್.ಐ. ಕೊಡುತ್ತದೆ. ಅಪಘಾತ ವರದಿ ಹೋಗಿದೆಯೇ ಎಂದು ಅದೇ ದಿನ ಕೇಳಿ, ಇಬ್ಬರು ಸಂಗಡಿಗರ ಹೆಸರನ್ನು ಸಾಕ್ಷಿಯಾಗಿ ಬರೆದಿಡಿ.

ಸಂಘದ ಹೆಸರಿನಲ್ಲೇ ಇದೆ ಕೆಲಸ

ಏಳು ಮಂದಿ ಸಹಿ ಹಾಕಿ ಸಂಘದ ನೋಂದಣಿಗೆ ಅರ್ಜಿ ಕೊಡಬಹುದು. ಆದರೆ ಅಲ್ಲಿನ ಕಾರ್ಮಿಕರ ಶೇ 10 ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಬೈಲಾದಲ್ಲಿ ಗುತ್ತಿಗೆದಾರನ ಹೆಸರು ಬರೆಯಬೇಡಿ. "ಇಂಥ ಕಾರ್ಖಾನೆಯ ಆವರಣದಲ್ಲಿ ಯಾವುದೇ ಗುತ್ತಿಗೆದಾರರ ಮೂಲಕ ದುಡಿಯುವ ಎಲ್ಲ ಕಾರ್ಮಿಕರು" ಎಂದು ಬರೆಯಿರಿ. ಇಲ್ಲದಿದ್ದರೆ ಅವನ ಗುತ್ತಿಗೆ ಮುಗಿದ ದಿನ ನಿಮ್ಮ ಸಂಘವೂ ಮುಗಿಯಿತು.

ಖಾಯಂ ಕಾರ್ಮಿಕರ ಸಂಘ ಮೊದಲೇ ಇದ್ದರೆ ಅವರ ಬಳಿ ಹೋಗಿ ಮಾತಾಡಿ. ಕೆಲವರು ಮುಖ ತಿರುಗಿಸುತ್ತಾರೆ. ನೀವು ಕಡಿಮೆ ಕೂಲಿಗೆ ಬರುವುದರಿಂದಲೇ ತಮ್ಮ ಮಕ್ಕಳಿಗೆ ಕೆಲಸ ಸಿಗುತ್ತಿಲ್ಲ ಎಂದು ಅವರ ಮನಸ್ಸಿನಲ್ಲಿ ಇರುತ್ತದೆ. ಜಗಳ ಬೇಡ. ಮುಂದಿನ ವೇತನ ಒಪ್ಪಂದದ ಬೇಡಿಕೆ ಪಟ್ಟಿಯಲ್ಲಿ ಗುತ್ತಿಗೆ ಕಾರ್ಮಿಕರ ಕ್ಯಾಂಟೀನ್, ಬಟ್ಟೆ, ಶೂ ಸೇರಿಸಿ ಎಂದಷ್ಟೇ ಕೇಳಿ. ಖರ್ಚಿಲ್ಲದ ಬೇಡಿಕೆಗೆ ಬೇಗ ಹೂಂ ಎನ್ನುತ್ತಾರೆ, ನಂಟು ಅಲ್ಲಿಂದ ಬೆಳೆಯುತ್ತದೆ. ಹೆಂಗಸರಿದ್ದರೆ ಸಮಿತಿಯಲ್ಲಿ ಒಬ್ಬರಾದರೂ ಇರಲಿ. ಶೌಚಾಲಯದ ಬೇಡಿಕೆ ಗಂಡಸರು ಬರೆದ ಪಟ್ಟಿಯಲ್ಲಿ ನಾನು ಕಂಡದ್ದೇ ಕಡಿಮೆ.

ಯಾವ ಕಚೇರಿ

ಖಾಸಗಿ ಕಾರ್ಖಾನೆಯಾದರೆ ರಾಜ್ಯ ಕಾರ್ಮಿಕ ಇಲಾಖೆ: ಜಿಲ್ಲಾ ಮಟ್ಟದ ಕಾರ್ಮಿಕ ಅಧಿಕಾರಿ, ಅವರ ಮೇಲೆ ಸಹಾಯಕ ಕಾರ್ಮಿಕ ಆಯುಕ್ತರು. ಕೇಂದ್ರ ಸರ್ಕಾರದ ಉದ್ದಿಮೆಯಾದರೆ, ಅಂದರೆ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥದ್ದಾದರೆ, ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಹೋಗಬೇಕು. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಳ ನಂತರ "ನಮ್ಮ ವ್ಯಾಪ್ತಿಯಲ್ಲ" ಎಂಬ ಒಂದು ಸಾಲಿನ ಪತ್ರ ಬರುತ್ತದೆ. ಸುರಕ್ಷತೆಯ ದೂರು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ.

ಬೇಡಿಕೆ ಪತ್ರವನ್ನು ಗುತ್ತಿಗೆದಾರನಿಗೆ ಮಾತ್ರ ಕೊಡಬೇಡಿ, ಕಂಪನಿಗೂ ಅದೇ ದಿನ ಕೊಡಿ. ಹಿಂದಿನ ಗುತ್ತಿಗೆದಾರರ ಹೆಸರುಗಳನ್ನೂ ಪತ್ರದಲ್ಲಿ ಸೇರಿಸಿ. ಸ್ವೀಕೃತಿಯ ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರವನ್ನು ಮುದ್ರಿಸಿ ಫೈಲಿಗೆ ಹಾಕಿ. ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಟಪಾಲು ಸಂಖ್ಯೆ ಕೇಳಿ ಪಡೆಯಿರಿ. ಆ ಸಂಖ್ಯೆಯಿಲ್ಲದ ಅರ್ಜಿ ಹುಟ್ಟೇ ಇಲ್ಲ.

ಅರ್ಜಿ ಪಡೆದ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಸಂಧಾನಕ್ಕೆ ದಿನ ಗೊತ್ತಾದರೆ ಮೂವರು ಹೋಗಿ. ಮಾತಾಡಲು ಒಬ್ಬರು, ಬರೆದುಕೊಳ್ಳಲು ಒಬ್ಬರು, ಸಿಟ್ಟಾಗುವವರನ್ನು ಕಾಲಿನಿಂದ ಒದೆಯಲು ಒಬ್ಬರು. ಕಂಪನಿಯವರು ಕಾಲಾವಕಾಶ ಕೇಳುತ್ತಾರೆ. ಪ್ರತಿ ಮುಂದೂಡಿಕೆಯನ್ನೂ ನಡಾವಳಿಯಲ್ಲಿ ಬರೆಸಿ. ಸಂಧಾನ ನಡೆಯುವಾಗ ಆ ವಿಷಯಕ್ಕೆ ಸಂಬಂಧಿಸಿದಂತೆ ಸೇವಾ ಷರತ್ತು ಬದಲಿಸುವುದಕ್ಕೂ ಕೆಲಸದಿಂದ ತೆಗೆಯುವುದಕ್ಕೂ ಕಾನೂನಿನ ತಡೆ ಇದೆ. ಆದರೂ ತೆಗೆದರೆ ಅದೇ ದಿನ ಅದೇ ಅಧಿಕಾರಿಗೆ ಲಿಖಿತ ದೂರು ಕೊಡಿ. ಹೊಸ ಸಂಹಿತೆಯ ಪ್ರಕಾರ ಸಂಧಾನ 45 ದಿನದೊಳಗೆ ಮುಗಿಯಬೇಕು. ಮುರಿದುಬಿದ್ದರೆ ವರದಿ ಕೈಸೇರಿದ 90 ದಿನದೊಳಗೆ ನೇರವಾಗಿ ನ್ಯಾಯಾಧಿಕರಣಕ್ಕೆ ಹೋಗಬಹುದು, ಸರ್ಕಾರ ಒಪ್ಪಿಸಲಿ ಎಂದು ಕಾಯಬೇಕಾಗಿಲ್ಲ. ಎರಡು ವರ್ಷ ದಾಟಿದ ವಿವಾದವನ್ನು ಸಂಧಾನಾಧಿಕಾರಿ ಕೈಗೆತ್ತಿಕೊಳ್ಳುವಂತಿಲ್ಲ.

ಮುಷ್ಕರ

14 ದಿನದ ಮುಂಗಡ ನೋಟಿಸ್ ಇಲ್ಲದೆ ಕೆಲಸ ನಿಲ್ಲಿಸಿದರೆ ಮುಷ್ಕರ ಅಕ್ರಮವಾಗುತ್ತದೆ. ಸಂಧಾನ ನಡೆಯುತ್ತಿರುವಾಗಲೂ ಅದು ಮುಗಿದ ಏಳು ದಿನದವರೆಗೂ ನಿಲ್ಲಿಸುವಂತಿಲ್ಲ. "ಎಲ್ಲರೂ ಒಂದೇ ದಿನ ರಜೆ ಹಾಕೋಣ" ಎಂಬ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತಾರೆ. ಕುಲುಮೆ ಉರಿಯುವ ಕಡೆ ಇನ್ನೊಂದು ಮಾತು: ಕರಗಿದ ಲೋಹವನ್ನು ಅರ್ಧಕ್ಕೆ ಬಿಟ್ಟು ಹೊರಬರಬೇಡಿ. ಜೀವಕ್ಕೆ ಅಪಾಯ, ಮೇಲೆ ನಷ್ಟದ ಕೇಸು.

ಗಾಜು ಮುಟ್ಟಬೇಡಿ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಕಲ್ಲಾಗಿ ಹಾರಿತು. ನೂರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು. ವೇತನದಲ್ಲಿ ಲೋಪ ಆಗಿದ್ದು ನಿಜವೆಂದು ಆಮೇಲೆ ಹೊರಬಂದರೂ ಟಿ.ವಿ.ಯಲ್ಲಿ ಮೊದಲ ದಿನ ಕಂಡದ್ದು ಒಡೆದ ಗಾಜು ಮಾತ್ರ.

ಒಪ್ಪಂದಕ್ಕೆ ಸಹಿ ಹಾಕುವಾಗ

ಗೆದ್ದೆವೆಂದು ಹಾರ ಹಾಕಿಕೊಳ್ಳುವ ಮೊದಲು ಒಪ್ಪಂದವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ. ಸಂಧಾನಾಧಿಕಾರಿಯ ಮುಂದೆ, ಅವರ ಸಹಿಯೊಂದಿಗೆ ಆದ ಒಪ್ಪಂದ ಅಲ್ಲಿನ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಕಂಪನಿಯ ಕೋಣೆಯಲ್ಲಿ ನೀವು ನೀವೇ ಮಾಡಿಕೊಂಡದ್ದು ಸಹಿ ಹಾಕಿದವರಿಗೆ ಮಾತ್ರ. ಬಾಕಿ ಯಾವ ತಾರೀಖಿನಿಂದ, ಯಾವ ತಾರೀಖಿನೊಳಗೆ ಎಂಬ ಎರಡೂ ದಿನ ಬರೆದಿರಬೇಕು. "ಗುತ್ತಿಗೆದಾರ ಬದಲಾದರೂ ಇದೇ ಕಾರ್ಮಿಕರನ್ನು, ಇದೇ ವೇತನದಲ್ಲಿ, ಹಿಂದಿನ ಸೇವೆಯನ್ನು ಲೆಕ್ಕಕ್ಕೆ ಹಿಡಿದು ಮುಂದುವರಿಸತಕ್ಕದ್ದು" ಎಂಬ ಸಾಲು ಇಲ್ಲದಿದ್ದರೆ ಎದ್ದು ಬನ್ನಿ. ಖಾಲಿ ಹಾಳೆಗೆ, ಸ್ವಇಚ್ಛೆಯ ರಾಜೀನಾಮೆ ಎಂದು ಅಚ್ಚಾದ ಕಾಗದಕ್ಕೆ, ಪೂರ್ತಿ ಲೆಕ್ಕ ಚುಕ್ತಾ ಎಂಬ ಚೀಟಿಗೆ, ಯಾರೇ ಹೇಳಲಿ, ಅವಸರದಲ್ಲಿ ಸಹಿ ಬೇಡ.

ಕೊನೆಯ ಪುಟದಲ್ಲಿ ಕಾರ್ಮಿಕರ ಹೆಸರಿನ ಪಟ್ಟಿ ಲಗತ್ತಾಗಿರುತ್ತದೆ. ಪ್ರತಿ ಹೆಸರನ್ನೂ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ, ಯುಎಎನ್ ಸಂಖ್ಯೆಯ ಜೊತೆ ಬರೆಸಿ. ರಜೆಯಲ್ಲಿರುವವರು, ಗಾಯವಾಗಿ ಮನೆಯಲ್ಲಿರುವವರು, ಹೆರಿಗೆಗೆ ಹೋದವರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಅವರ ಹೆಸರುಗಳನ್ನು ಒಬ್ಬೊಬ್ಬರಾಗಿ ಕೂಗಿ ನೋಡಿ, ಆಮೇಲೆ ಪೆನ್ನು ತೆಗೆಯಿರಿ.